ಒಂಬತ್ತು ಮುಚ್ಚಳಗಳ ಸರದಿ

ನವೆಂಬರ್ 30, ಬೆಳಗ್ಗೆ

ದಿನಾ ಬರೆಯಬೇಕಂತೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಉಪ್ಪಿನಾಗರಕ್ಕೆ ಕೂಲಿಗೆ ಹೋದವನು ನಾನು. ಈಗ, ಹಲ್ಲು ಉದುರುವ ಕಾಲಕ್ಕೆ, ನನ್ನ ಕೈಗೆ ಡೈರಿ! ಮಗಳು ಮಿರೇಯಾ ಮಾಡಿದ ಕೆಲಸ. ಕ್ಲಿನಿಕ್ಕಿನಲ್ಲೂ ನರ್ಸು, ಮನೆಗೆ ಬಂದರೂ ನರ್ಸು. ಕಳೆದ ವಾರ ಅಂಪೈರನ ಕಾಲಬುಡಕ್ಕೆ ಐಸ್ ನೀರಿನ ಡ್ರಮ್ಮು ಉರುಳಿಸಿದೆ. ಆಮೇಲೆ ಮೂಗಿನಲ್ಲಿ ರಕ್ತ ಬಂತು. ಅಷ್ಟಕ್ಕೇ ಈ ಶಿಕ್ಷೆ. ಬಾಯಲ್ಲಿ ಬರುವುದನ್ನು ಕೈಯಲ್ಲಿ ಬರಿ, ಯಾರೂ ಓದುವುದಿಲ್ಲ ಅಂದಳು. ಯಾರೂ ಓದದಿದ್ದರೆ ಬರೆಯುವುದೇಕೆ ಅಂತ ಕೇಳಿದೆ. ಬಿಪಿ ಪಟ್ಟಿ ತೋಳಿಗೆ ಸುತ್ತಿ ಗಾಳಿ ಒತ್ತಿದಳು. ಅದೇ ಉತ್ತರ.

ಏನು ಬರೆಯಲಿ. ಎದ್ದೆ. ಕಾಫಿ ಕುಡಿದೆ. ಬಾಳೆಕಾಯಿ ಬೇಯಿಸಿ ಹಿಸುಕಿ ಕೊಟ್ಟಳು, ಉಪ್ಪಿಲ್ಲ. ಉಪ್ಪು ಬೆಳೆಯುವ ಬಾನಿಯಲ್ಲಿ ಹುಟ್ಟಿ ಉಪ್ಪಿಲ್ಲದ ಊಟ. ಸೆಫೆರೀನೋನ ಜಗಲಿಗೆ ಹೋದೆ. ಇವತ್ತಿನ ಸರದಿ ಜೋಡಿಸಿದೆವು. ಬಂದೆ.

ಸಾಕು.

ಡಿಸೆಂಬರ್ 2

ಮತ್ತೆ ಬಿಪಿ ಪಟ್ಟಿ. ಮತ್ತೆ ಡೈರಿ. ಸರಿ, ಗೊತ್ತಿರುವುದನ್ನೇ ಬರೆಯುತ್ತೇನೆ.

ಬಾನಿಯ ಗಾರ್ಸಾಸ್ ಬೇಸ್‌ಬಾಲ್ ತಂಡಕ್ಕೆ ನಾನು ಮ್ಯಾನೇಜರ್. ಸೆಫೆರೀನೋ ನನ್ನ ಪಕ್ಕ ಕೂರುವ ಕೋಚು. ಒಂದೇ ಬೀದಿಯಲ್ಲಿ ಹೊಡೆದಾಡಿಕೊಂಡು ಬೆಳೆದವರು. ಅವನ ಮಗ ವಿಲ್ಕಿನ್‌ನ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವನು ನಾನು. ಆ ದಿನದಿಂದ ನಾವು ಕೊಂಪಾದ್ರೆಗಳು, ಅಣ್ಣತಮ್ಮಂದಿರಿಗಿಂತ ಒಂದು ಕೈ ಹೆಚ್ಚು. ಎದುರಿಗೆ ಬಹುವಚನ. ಬೈಯುವಾಗಲೂ ಬಹುವಚನ. ಡೈರಿಯಲ್ಲಿ ಅವನು ಅನ್ನಬಹುದು, ಕೇಳಿಸಿಕೊಳ್ಳುವವರಿಲ್ಲ.

ಯಾರ ಹಿಂದೆ ಯಾರು ಬ್ಯಾಟು ಹಿಡಿಯಬೇಕೆಂಬ ಸರದಿ ಜೋಡಿಸುವುದು ಅವನ ಜಗಲಿಯಲ್ಲಿ, ಡಾಮಿನೋ ಆಡುವ ಮೇಜಿನ ಮೇಲೆ. ಒಂಬತ್ತು ಬಾಟಲಿ ಮುಚ್ಚಳ. ಹುಡುಗರಾಗಿದ್ದಾಗ ಇವನ್ನೇ ಎಸೆದು, ಪೊರಕೆ ಕೋಲಿನಲ್ಲಿ ಹೊಡೆದು ಆಟ ಕಲಿತದ್ದು. ಒಬ್ಬೊಬ್ಬನಿಗೆ ಒಂದೊಂದು ಮುಚ್ಚಳ. ಹಸಿರು ಬಿಯರಿನದು ನಾಲ್ಕನೆಯವನು. ಅತ್ತ ಸರಿಸುತ್ತೇನೆ, ಇತ್ತ ಸರಿಸುತ್ತೇನೆ. ಅವನು ಕಾಫಿ ಹೀರುತ್ತ ನೋಡುತ್ತಾನೆ. ತಪ್ಪೆನಿಸಿದರೆ ಮುಚ್ಚಳದ ಮೇಲೆ ಬೆರಳಿಡುತ್ತಾನೆ. ಜಗಳವಾಗುತ್ತದೆ. ಮುಗಿದ ಮೇಲೆ ಅವನು ಒಳಗೆ ಹೋಗಿ ಚೆಂದದ ಅಕ್ಷರದಲ್ಲಿ ಕಾರ್ಡು ಬರೆಯುತ್ತಾನೆ — ಅಂಪೈರಿಗೆ ಒಂದು, ಎದುರಾಳಿಗೆ ಒಂದು, ನಮ್ಮವರು ಕೂರುವ ಡಗೌಟಿನ ಗೋಡೆಗೆ ಒಂದು. ನನ್ನ ಅಕ್ಷರ ಕೋಳಿ ಕೆರೆದ ಹಾಗೆ. ಗೋಡೆಯ ಕಾರ್ಡನ್ನು ನಾನು ಯಾವತ್ತೂ ಓದಿದವನಲ್ಲ. ಓದುವುದೇಕೆ, ಬರೆದವನು ಸೆಫೆರೀನೋ.

ಡಿಸೆಂಬರ್ 5

ಲಿಸೆನ್ಸಿಯಾದೋ ಪೌ ಕರೆಸಿದ್ದರು. ಕ್ಲಬ್ಬಿನ ಆಡಳಿತ ಅವರದು, ಡಿಗ್ರಿ ಓದಿದ್ದಕ್ಕೆ ಹೆಸರಿನ ಮುಂದೆ ಆ ಬಿರುದು. ವಯಸ್ಸು ಸಣ್ಣದು, ಅಂಗಿ ಇಸ್ತ್ರಿಯದು, ಮಾತು ಮರ್ಯಾದೆಯದು. ತಂಡದ ಅತಿ ಒಳ್ಳೆಯ ಬ್ಯಾಟನ್ನು ಎರಡನೇ ಜಾಗಕ್ಕೆ ಹಾಕಿ ನೋಡಬಹುದಾ ಅಂತ ಕೇಳಿದರು. ಸೀಸನ್ನಿಡೀ ಲೆಕ್ಕ ಹಾಕಿದರೆ ಎರಡನೆಯವನಿಗೆ ಹೆಚ್ಚು ಸಲ ಬ್ಯಾಟು ಸಿಗುತ್ತದಂತೆ. ನಿಜ ಇರಬಹುದು. ಸುಳ್ಳು ಅನ್ನಲಿಲ್ಲ ನಾನು. ನಾನು ಮಾಡುವುದಿಲ್ಲ ಅಂದೆ, ಅಷ್ಟೇ.

ನನ್ನ ಸರದಿ ಹೀಗೆ. ಮೊದಲನೆಯವನಿಗೆ ಕಣ್ಣಿರಬೇಕು, ಕಾಲು ಆಮೇಲೆ. ಕೆಟ್ಟ ಚೆಂಡಿಗೆ ಕೈ ಚಾಚದೆ, ಚೆಂಡೆಸೆಯುವ ಪಿಚರಿನ ಬೆವರಿಳಿಸಿ, ನಾಲ್ಕು ಕೆಟ್ಟ ಚೆಂಡಿಗೆ ಸಿಗುವ ಪುಕ್ಕಟೆ ನಡಿಗೆಯಲ್ಲಿ ಮೊದಲ ಬೇಸಿಗೆ ಹೋಗುವವನು. ನಮ್ಮ ಮೋಸ್ಕಾ ಅಂಥವನು. ಎರಡನೆಯವನು ತಾನು ಔಟಾದರೂ ಮುಂದಿನವನನ್ನು ದೂಡುವವನು, ಹೆಸರಿನ ಆಸೆ ಇಲ್ಲದವನು. ಮೂರನೆಯದು ಎಲ್ಲರಿಗಿಂತ ಒಳ್ಳೆಯ ಕೈ. ನಾಲ್ಕನೆಯದು ಬೆಟ್ಟ. ಈಗ ದೆ ಓಲಿಯೋ. ಅವನು ಬೀಸಿದರೆ ಚೆಂಡು ಗೋಡೆಯಾಚೆಯ ಮಾವಿನ ತೋಪಿಗೆ.

ಐದನೆಯವನು ಯಾರೆಂದು ಜನ ಕೇಳುವುದೇ ಇಲ್ಲ. ನಾನು ಮೊದಲು ಇಡುವ ಮುಚ್ಚಳ ಅದು. ಐದನೆಯವನು ಬೆಟ್ಟದ ಕಾವಲು. ಅವನು ಸಪ್ಪೆಯಾದರೆ ಪಿಚರು ಬೆಟ್ಟಕ್ಕೆ ಹೊಡೆಯುವಂಥ ಚೆಂಡೇ ಹಾಕುವುದಿಲ್ಲ — ನಡೆಸಿ ಕಳಿಸಿ, ಸಪ್ಪೆಯವನನ್ನು ಮುರಿದು ತಿನ್ನುತ್ತಾನೆ. ಹಾಗಾಗಿ ಐದಕ್ಕೆ ಕ್ಯಾಚರ್ ಟಿಬುರ್ಸಿಯೋ. ಮೊಂಡ. ಔಟಾಗಲು ಒಪ್ಪದವನು. ಆರಕ್ಕೆ ಪೊಲಾಂಕೋ. ಏಳಕ್ಕೆ ವಿಲ್ಕಿನ್.

ವಿಲ್ಕಿನ್ ಕಳೆದ ತಿಂಗಳವರೆಗೆ ನಾಲ್ಕರಲ್ಲಿದ್ದ. ಭುಜ ನೋವು ಬಂದಮೇಲೆ ಬ್ಯಾಟು ತಡವಾಗುತ್ತಿದೆ. ಏಳಕ್ಕೆ ಇಳಿಸಿದೆ. ಅವನು ಹೆಲ್ಮೆಟ್ಟು ತೆಗೆದು, 'ಆಯ್ತು ಪದ್ರೀನೋ' ಅಂದ. ಎತ್ತಿ ಹಿಡಿದವನನ್ನು ಹಾಗೆಯೇ ಕರೆಯುವುದು.

ಡಿಸೆಂಬರ್ 13

ಒಂದು ವಾರ ಬರೆಯಲಿಲ್ಲ. ಬಿಪಿ ಚೆನ್ನಾಗಿತ್ತು, ಮಗಳೂ ಕೇಳಲಿಲ್ಲ. ಇವತ್ತು ಸರಿಯಿಲ್ಲ.

ಬೆಳಗ್ಗೆ ಜಗಲಿಯಲ್ಲಿ ಸೆಫೆರೀನೋ ಕಾಫಿ ಮುಟ್ಟಲಿಲ್ಲ. ನಾಳೆ ಜಪಾನಿನ ತಂಡದವರೊಬ್ಬರು ಆಟ ನೋಡಲು ಬರುತ್ತಾರೆ, ವಿಲ್ಕಿನ್‌ನನ್ನೇ ನೋಡಲು ಅಂದ. ಗೊತ್ತು ಅಂದೆ. ಹಸಿರು ಮುಚ್ಚಳ ಎತ್ತಿ ಬದಿಗಿಟ್ಟ. ಅಲ್ಲಿ ಮಗನದನ್ನು ಇಟ್ಟ.

'ಒಂದೇ ದಿನ, ಕೊಂಪಾದ್ರೆ. ನಾಲ್ಕರಲ್ಲಿ ನಿಲ್ಲಿಸಿ. ಏಳನೆಯವನನ್ನ ನೋಡೋಕೆ ಯಾರೂ ಸಮುದ್ರ ದಾಟಿ ಬರಲ್ಲ.'

'ಇದು ತಂಡದ ಸರದಿ. ನಿಮ್ಮ ಮನೆ ಮದುವೆಯ ಪಂಕ್ತಿ ಅಲ್ಲ.'

'ನಿಮ್ಮ ಮನೆಯದೂ ಹೌದಲ್ಲ. ಎತ್ತಿ ಹಿಡಿದಿದ್ದು ನೀವೇ ತಾನೆ.'

ಅದಕ್ಕೇ ಆಗುವುದಿಲ್ಲ ಅಂದೆ. ಬೇರೆ ಯಾರ ಮಗನಾಗಿದ್ದರೂ ಯೋಚಿಸಬಹುದಿತ್ತು. ಮುಚ್ಚಳಗಳನ್ನು ಮೊದಲಿದ್ದ ಹಾಗೆ ಇಟ್ಟೆ. ಮುಂದಿನ ಸುತ್ತಿಗೆ ಹೋಗಲು ನಮಗೆ ನಾಲ್ಕನೇ ಸ್ಥಾನ ಬೇಕು, ಒಂದು ಪಂದ್ಯವೂ ದಂಡಕ್ಕೆ ಹೋಗುವ ಹಾಗಿಲ್ಲ. ಹೀಗೆಲ್ಲ ಹೇಳಿದೆ, ಕೂಗಿದೆ. ಅವನು ಮುಚ್ಚಳಗಳನ್ನು ನೋಡಿದ. ಬೆರಳಿಡಲಿಲ್ಲ. ಸರಿ ಕೊಂಪಾದ್ರೆ, ನೀವು ಹೇಳಿದ ಹಾಗೆ ಅಂದ.

ನಾನು ಹೇಳಿದ ಹಾಗೆ.

ಡಿಸೆಂಬರ್ 15, ಬೆಳಗ್ಗೆ

ಪೆನ್ನು ಒತ್ತಿ ಹಾಳೆ ತೂತಾಯಿತು. ಇನ್ನೊಂದು ಪುಟದಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಮೊದಲ ಇನ್ನಿಂಗ್ಸ್. ಮೂರನೆಯವನು ಆಡುತ್ತಿದ್ದ. ಅವನ ಹಿಂದೆ ಬ್ಯಾಟು ತಿರುಗಿಸುತ್ತ ನಿಂತವನು ವಿಲ್ಕಿನ್. ದೆ ಓಲಿಯೋ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಉಗುಳುತ್ತ ಕೂತಿದ್ದಾನೆ. ಹುಡುಗ ಸರದಿ ಮರೆತನೇನೋ ಅಂತ ಕೂಗಲು ಬಾಯಿ ತೆರೆದೆ. ಆಗ ಗೋಡೆ ನೋಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಗೋಡೆಯ ಕಾರ್ಡು ಓದಿದೆ. ನಾಲ್ಕರಲ್ಲಿ ವಿಲ್ಕಿನ್. ಏಳರಲ್ಲಿ ದೆ ಓಲಿಯೋ.

ಸೆಫೆರೀನೋ ನನ್ನ ಕಡೆ ತಿರುಗಲೂ ಇಲ್ಲ. ಮೈದಾನ ನೋಡುತ್ತಲೇ ಹೇಳಿದ.

'ಕಾರ್ಡು ಅಂಪೈರ್ ಜೇಬಿಗೆ ಹೋಯ್ತು ಕೊಂಪಾದ್ರೆ. ಇನ್ನು ಬದಲಾಗಲ್ಲ. ಈಗ ಕೂಗಿದ್ರೆ ಮಾನ ಹೋಗೋದು ಹುಡುಗಂದು.'

ನಿಜವೇ. ಕೊಟ್ಟ ಕಾರ್ಡು ಕಲ್ಲಿನ ಮೇಲೆ ಬರೆದ ಹಾಗೆ. ವಿಲ್ಕಿನ್‌ನನ್ನು ಆಟದಿಂದಲೇ ಎಬ್ಬಿಸಿ ಬೇರೆಯವನನ್ನು ಕಳಿಸಬಹುದಿತ್ತು, ಆ ಜಪಾನಿನವರ ಕಣ್ಣೆದುರಿಗೆ. ಸೆಫೆರೀನೋಗೆ ಗೊತ್ತಿತ್ತು, ನಾನು ಹಾಗೆ ಮಾಡುವವನಲ್ಲ ಅಂತ. ನನ್ನನ್ನು ಅಳೆದೇ ಬರೆದಿದ್ದಾನೆ. ಬಾಯಿ ಮುಚ್ಚಿದೆ. ಬಾಯೊಳಗೆ ರಕ್ತದ ರುಚಿ.

ಇನ್ನೊಂದು ಕೇಡು — ಗೆದ್ದೆವು. ವಿಲ್ಕಿನ್ ಎರಡು ಸಲ ಮೈದಾನದಂಚಿನ ಗೋಡೆಗೆ ಹೊಡೆದ. ದೆ ಓಲಿಯೋ ಏಳರಲ್ಲಿ ಬಂದು ಬೇಸಿನಲ್ಲಿದ್ದ ಎಲ್ಲರನ್ನೂ ಓಡಿಸಿ ರನ್ ತಂದ. ಕಹಳೆ, ತಮಟೆ, ಬಿಯರಿನ ಮಳೆ. ಸೋತಿದ್ದರೆ ಅವನ ಕುತ್ತಿಗೆ ಪಟ್ಟಿ ಹಿಡಿದು ಕೇಳುತ್ತಿದ್ದೆ. ಗೆದ್ದವನ ಕುತ್ತಿಗೆ ಪಟ್ಟಿ ಹೇಗೆ ಹಿಡಿಯುವುದು. ರೇಡಿಯೋದವರು ಬಂದು ಮುದುಕನ ತಲೆಯೇ ತಲೆ ಅಂದರು. ಈ ಧೈರ್ಯ ಎಲ್ಲಿಂದ ಬಂತು ಅಂತ ಕೇಳಿದರು. ಏನು ಹೇಳಲಿ. ನನ್ನ ಕೋಚು ನನ್ನ ಬೆನ್ನ ಹಿಂದೆ ಮಾಡಿದ್ದು ಅನ್ನಲೇ. ತಲೆಯಾಡಿಸಿದೆ.

ಬಸ್ಸಿನಲ್ಲಿ ಸೆಫೆರೀನೋ ಪಕ್ಕದಲ್ಲೇ ಕೂತಿದ್ದ. ತಪ್ಪಾಯಿತು ಅನ್ನಬಹುದು ಅಂತ ಕಾದೆ. ಊರು ಬಂತು. ಇಳಿದ.

ಡಿಸೆಂಬರ್ 18

ಜಗಲಿಗೆ ಹೋಗುತ್ತಿಲ್ಲ. ಮುಚ್ಚಳಗಳು ಅಲ್ಲೇ ಇವೆ. ನಮ್ಮ ಅಡುಗೆಮನೆ ಮೇಜಿನ ಮೇಲೆ ಬೀನ್ಸ್ ಕಾಳಿಟ್ಟು ಜೋಡಿಸಿದೆ. ಒಂದು ಕಾಳಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದೆ ಎಲ್ಲ ಪಾತ್ರೆಗೆ ಹಾಕಿದೆ. ಮಿರೇಯಾ ನಕ್ಕಳು. 'ಇವತ್ತು ತಂಡಾನೇ ಬೇಯಿಸ್ತೀಯಾ ಅಪ್ಪ' ಅಂದಳು. ನಾನು ನಗಲಿಲ್ಲ.

ಮಧ್ಯಾಹ್ನ ಲಿಸೆನ್ಸಿಯಾದೋ ಪೌ ಕಾರಿನ ಗಾಜು ಇಳಿಸಿ ನಿಲ್ಲಿಸಿದರು. ಹದಿನಾಲ್ಕರ ಸರದಿ ಸೆಫೆರೀನೋ ಅವರದಂತೆ, ಕೇಳಿ ಸಂತೋಷವಾಯಿತು, ಇಬ್ಬರೂ ಹೀಗೇ ಹಂಚಿಕೊಂಡು ಮಾಡಿ ಅಂದರು. ಯಾರು ಹೇಳಿದರು ಅಂತ ಕೇಳಿದೆ. ಸೆಫೆರೀನೋ ಅವರೇ ಹೇಳಿದರು ಅಂದರು, ಏನೂ ಕೆಟ್ಟದ್ದಿಲ್ಲ ಎಂಬ ಹಾಗೆ.

ಹಾಗಾದರೆ ಅದೂ ಹೇಳಿಯಾಗಿದೆ. ಮೊದಲು ಸರದಿ ತೆಗೆದುಕೊಂಡ. ಆಮೇಲೆ ಅದರ ಹೆಸರು. ಜಗಲಿಯಲ್ಲಿ ಕಾಫಿ ಕುಡಿದ ಅಷ್ಟೂ ಬೆಳಗ್ಗೆಗಳಲ್ಲಿ ಇವನು ಏನು ನೋಡುತ್ತಿದ್ದ, ಮುಚ್ಚಳಗಳನ್ನೋ ನನ್ನ ಕುರ್ಚಿಯನ್ನೋ.

ಇನ್ನು ಮೇಲೆ ಕಾರ್ಡು ನಾನೇ ಬರೆಯುತ್ತೇನೆ. ಡಗೌಟಿನಲ್ಲಿ ಎಲ್ಲರ ಎದುರಿಗೆ ಅವನಿಗೆ ಹೇಳಿದೆ. 'ನಿಮ್ಮ ಕೈಗೆ ರಜೆ ಕೊಂಪಾದ್ರೆ.' ಆಟಗಾರರು ಶೂ ಲೇಸು ನೋಡಿಕೊಂಡರು. ಅವನ ಮುಖ ಸುಣ್ಣದ ಗೋಡೆಯಂತಾಯಿತು. ಪೆನ್ನು ಜೇಬಿನಿಂದ ತೆಗೆದು ನನ್ನ ಮುಂದೆ ಬೆಂಚಿನ ಮೇಲಿಟ್ಟ.

ಡಿಸೆಂಬರ್ 23

ನಿನ್ನೆ ಕೊನೆಯ ಪಂದ್ಯ. ಗೆದ್ದರೆ ನಾಲ್ಕನೇ ಸ್ಥಾನ, ಜನವರಿಯ ಸುತ್ತು. ಸೋತರೆ ಮನೆ.

ಒಂದೇ ಸಲ ಬರೆದರೆ ಮೂರೂ ಪ್ರತಿ ಮೂಡುವ ಪುಸ್ತಕವೊಂದಿದೆ. ಅದು ಸೆಫೆರೀನೋನ ಚೀಲದಲ್ಲಿರುತ್ತದೆ. ಕೇಳಲಿಲ್ಲ. ಬೇರೆ ಬೇರೆ ಮೂರು ಕಾರ್ಡು ತೆಗೆದುಕೊಂಡು ಮೂರು ಸಲ ಬರೆದೆ. ದಪ್ಪ ಅಕ್ಷರ, ನಿಧಾನ. ಮೂರನೆಯದನ್ನು ಬರೆಯುವಾಗ ಪಿಚರಿನ ದಿಬ್ಬ ಒದ್ದೆಯಾಗಿದೆ ಅಂತ ಮೈದಾನದವನು ಕರೆದ. ಬರೆದು ಮುಗಿಸಿ, ಮೂರನ್ನೂ ಬೆಂಚಿನ ಮೇಲಿಟ್ಟು, ಹೋಗಿ ಅವನಿಗೆ ಬೈದು ಬಂದೆ. ಎತ್ತಿಕೊಂಡು ನಾನೇ ನಡೆದು ಹೋಗಿ ಅಂಪೈರಿಗೆ ಕೊಟ್ಟೆ. ಎದೆಯುಬ್ಬಿಸಿಕೊಂಡೇ ಹೋದೆ, ಸುಳ್ಳೇಕೆ.

ಎಂಟನೇ ಇನ್ನಿಂಗ್ಸ್. ಎರಡು ರನ್ ಹಿಂದೆ. ಒಬ್ಬ ಔಟ್. ಬೇಸಿನಲ್ಲಿ ಇಬ್ಬರು ನಮ್ಮವರು, ಅದರಲ್ಲೊಬ್ಬ ದೆ ಓಲಿಯೋ, ಪಿಚರು ಹೆದರಿ ನಡೆಸಿ ಕಳಿಸಿದವನು. ಐದನೆಯವನು ಬಂದ. ಟಿಬುರ್ಸಿಯೋ. ಮೂರನೇ ಚೆಂಡು. ಶಬ್ದ ಕೇಳಿದೊಡನೆ ಗೊತ್ತಾಯಿತು, ನೋಡಬೇಕಾಗಿರಲಿಲ್ಲ. ಚೆಂಡು ತೋಪಿನಲ್ಲಿ, ಹೋಮ್ ರನ್. ಬೇಸಿನಲ್ಲಿದ್ದವರೂ ಸೇರಿ ಮೂರು ರನ್, ನಾವು ಒಂದು ಮುಂದೆ. ಇಡೀ ಬಾನಿ ಎದ್ದು ನಿಂತಿತು. ಜೀವಮಾನವಿಡೀ ಹೇಳಿದ ಮಾತು, ಬೆಟ್ಟಕ್ಕೆ ಕಾವಲು, ಎಲ್ಲರ ಕಣ್ಣೆದುರು ನಡೆಯಿತು.

ಆಗ ಎದುರು ತಂಡದ ಮ್ಯಾನೇಜರ್ ಎದ್ದ. ಅವಸರವಿಲ್ಲ. ಕೈಯಲ್ಲಿ ಕಾರ್ಡು. ಅಂಪೈರಿನ ಹತ್ತಿರ ಹೋಗಿ ಬೆರಳು ತೋರಿಸಿದ. ಅಂಪೈರು ತನ್ನ ಜೇಬಿನದನ್ನು ತೆಗೆದ. ನನ್ನನ್ನು ಕರೆದ.

ಅಂಪೈರಿಗೆ ಕೊಟ್ಟದ್ದರಲ್ಲಿ ಐದಕ್ಕೆ ಪೊಲಾಂಕೋ, ಆರಕ್ಕೆ ಟಿಬುರ್ಸಿಯೋ. ಎದುರಾಳಿಗೆ ಕೊಟ್ಟದ್ದರಲ್ಲೂ ಹಾಗೆಯೇ, ಮೊದಲನೆಯದನ್ನು ನೋಡಿಯೇ ಬರೆದಿದ್ದೆನಲ್ಲ. ಗೋಡೆಯ ಮೇಲಿದ್ದದ್ದು ಮಾತ್ರ ನಾನು ಅಂದುಕೊಂಡಂತೆ. ನನ್ನದೇ ದಪ್ಪ ಅಕ್ಷರ. ಯಾರ ಕಡೆ ಬೆರಳು ತೋರಿಸಲಿ.

ನಿಯಮ ನಿಯಮವೇ. ಸರದಿ ಪೊಲಾಂಕೋನದು, ಅವನು ಬರಲಿಲ್ಲ, ಅವನು ಔಟ್. ಹೋಮ್ ರನ್ ಇಲ್ಲ. ಓಡಿದವರು ವಾಪಸ್ ಬೇಸಿಗೆ. ಪೊಲಾಂಕೋ ಆದಮೇಲೆ ಕಾರ್ಡಿನ ಪ್ರಕಾರ ಟಿಬುರ್ಸಿಯೋ, ಅಂದರೆ ಅವನೇ ಮತ್ತೆ ಬಂದು ನಿಲ್ಲಬೇಕು. ನಿಂತ. ಈಗ ತಾನೇ ಎಲ್ಲರ ಅಂಗೈಗೆ ಅಂಗೈ ತಟ್ಟಿ ಬಂದ ಮನುಷ್ಯ. ಬೀಸಿದ, ಬೀಸಿದ, ಬೀಸಿದ, ಒಂದೂ ತಾಗಲಿಲ್ಲ. ಮೂರನೇ ಔಟ್, ಮೂರಕ್ಕೆ ಇನ್ನಿಂಗ್ಸ್ ಕೊನೆ. ಪಂದ್ಯ ಅಲ್ಲಿಗೇ ಮುಗಿಯಿತು, ಒಂಬತ್ತನೆಯದು ಬರೀ ಶಾಸ್ತ್ರ.

ಎದುರಿನವನು ಶುರುವಿನಿಂದಲೇ ನೋಡಿಕೊಂಡು ಕೂತಿದ್ದ. ಆ ಇಬ್ಬರೂ ಔಟಾಗುತ್ತಿದ್ದಷ್ಟು ಹೊತ್ತು ಸುಮ್ಮನಿದ್ದ. ಅದು ಅವನ ಕೆಲಸ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅವನ ಮೇಲೆ ಸಿಟ್ಟಿಲ್ಲ.

ಗ್ಯಾಲರಿಯಿಂದ ಒಬ್ಬ ಕೂಗಿದ — 'ಮುದುಕಾ, ಒಂದು ಎರಡು ಮೂರು ಹೇಳು ನೋಡೋಣ.' ಜನ ನಕ್ಕರು. ಸೆಫೆರೀನೋ ಬ್ಯಾಟುಗಳನ್ನು ಚೀಲಕ್ಕೆ ತುಂಬುತ್ತಿದ್ದ.

ಡಿಸೆಂಬರ್ 25

ನಿನ್ನೆ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟ. ನನ್ನ ಹೆಂಡತಿ ಹೋದಮೇಲೆ ಅದು ಯಾವಾಗಲೂ ಕೊಂಪಾದ್ರೆಯ ಮನೆಯಲ್ಲೇ. ಈ ಸಲ ಹೋಗಲಿಲ್ಲ. ಸೆಫೆರೀನೋನ ಹೆಂಡತಿ, ಕೊಮಾದ್ರೆ ದಿಗ್ನಾ, ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ಕಡುಬು ಕಳಿಸಿದಳು. ಮಿರೇಯಾ ತಿಂದಳು. ನಾನು ಎಲೆ ಬಿಚ್ಚಲಿಲ್ಲ. ಉಪ್ಪು ಸರಿಯಾಗಿತ್ತಂತೆ.

ಡಿಸೆಂಬರ್ 29

ಮುಂದಿನ ಸೀಸನ್ನಿಗೆ ಬಾನಿಯ ಗಾರ್ಸಾಸ್ ತಂಡದ ಹೊಸ ಮ್ಯಾನೇಜರ್ ಸೆಫೆರೀನೋ ಲಾರಾ. ರೇಡಿಯೋದಲ್ಲಿ ಬಂತು. ಕ್ಷೌರದಂಗಡಿಯಲ್ಲಿ, ಕೆನ್ನೆಗೆ ಸೋಪು ಹಚ್ಚಿಕೊಂಡು ಕೂತಾಗ ಕೇಳಿದೆ. ಕ್ಷೌರದವನು ಕತ್ತಿ ಎತ್ತಿ ಹಿಡಿದು ನಿಂತೇಬಿಟ್ಟ. ಮುಗಿಸು ಅಂದೆ.

ಆಮೇಲೆ ಲಿಸೆನ್ಸಿಯಾದೋ ಮನೆಗೇ ಬಂದರು. ನನಗೆ ಸಲಹೆಗಾರ ಅನ್ನೋ ಹುದ್ದೆ, ನೆರಳಿನಲ್ಲಿ ಒಂದು ಕುರ್ಚಿ. ಯೋಚಿಸಿ ಹೇಳಿ ದೋನ್ ಎವರಿಸ್ತೋ ಅಂತ ನನ್ನ ಹೆಸರಿಗೆ ಮರ್ಯಾದೆ ಅಂಟಿಸಿ ಹೇಳಿದರು. ಕಾಫಿ ಕೊಟ್ಟು ಕಳಿಸಿದೆ. ಆ ಕಾರ್ಡಿನ ತಪ್ಪಿಗೆ ಕುರ್ಚಿ ಹೋಯಿತು ಅಂದರೆ ಒಪ್ಪುತ್ತೇನೆ. ನನ್ನ ಕೈ, ನನ್ನ ತಪ್ಪು, ನನ್ನ ಸಿಟ್ಟು. ಆದರೆ ಅದರ ಮೇಲೆ ಅವನು ಕೂರುವುದು. ಫೋನು ಕೂಡ ಮಾಡದೆ. ರೇಡಿಯೋದ ಬಾಯಲ್ಲಿ ನನಗೆ ತಿಳಿಸಿ.

ಮಿರೇಯಾ ಬಿಪಿ ನೋಡಿದಳು. ಎಷ್ಟು ಅಂತ ಹೇಳಲಿಲ್ಲ.

ಜನವರಿ 1

ವಿಲ್ಕಿನ್ ಬಂದಿದ್ದ. ಒಬ್ಬನೇ. ಬಾಗಿಲಲ್ಲಿ ನಿಂತು ಆಶೀರ್ವಾದ ಕೇಳಿದ. ಕೊಟ್ಟೆ, ಅದನ್ನು ಕೊಡದೆ ಇರುವ ಹಾಗಿಲ್ಲ. ಜಪಾನಿನವರು ಕರೆದಿದ್ದಾರಂತೆ. ಫೆಬ್ರವರಿಗೆ ಹೊರಡುತ್ತಾನೆ. ಒಳ್ಳೆಯದಾಯಿತು ಅಂದೆ. ನಿಜಕ್ಕೂ ಒಳ್ಳೆಯದಾಯಿತು, ಹುಡುಗನದೇನು ತಪ್ಪು.

ಹೋಗಲಿಲ್ಲ. ಟೋಪಿಯ ಅಂಚು ತಿರುಚುತ್ತ ಕೂತೇ ಇದ್ದ. ಮಿರೇಯಾ ಒಳಗೆ ಹೋದಳು. ಆಮೇಲೆ ಬಾಯಿ ಬಿಟ್ಟ.

'ಪದ್ರೀನೋ, ಆ ದಿನ ನೀವು ಮೂರು ಕಾರ್ಡು ಬೆಂಚಿನ ಮೇಲಿಟ್ಟು ಹೋದ್ರಲ್ಲ. ಅಪ್ಪ ಎತ್ತಿಕೊಂಡ್ರು. ಕನ್ನಡಕ ಹಾಕ್ಕೊಂಡು ಮೂರನ್ನೂ ಪಕ್ಕಪಕ್ಕ ಹಿಡಿದು ನೋಡಿದ್ರು. ವಾಪಸ್ ಇಟ್ರು. ಎಲ್ಲ ಸರಿ ಇದೆ ಅಂದ್ಕೊಂಡೆ ನಾನು.'

ಕುರ್ಚಿ ಹತ್ತಿರ ಎಳೆದುಕೊಂಡೆ. ಅವನೇ ಮುಂದುವರಿಸಿದ. ಪಂದ್ಯ ಮುಗಿದು ಮನೆಗೆ ಹೋದಮೇಲೆ ಕೇಳಿದನಂತೆ, ನೋಡಿದ್ದಿರಲ್ಲ ಅಪ್ಪ, ಹೇಳಬಾರದಿತ್ತೇ ಅಂತ. ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲವಂತೆ.

'ಏನಂದರು?'

'ಕಾರ್ಡು ಮುಟ್ಟಬೇಡ ಅಂದ್ರಲ್ಲ, ಅದಕ್ಕೆ ಮುಟ್ಟಲಿಲ್ಲ. ಕೇಳಿದ್ರೆ ಹೇಳ್ತಿದ್ದೆ, ಕೇಳಲಿಲ್ಲ. ಅಷ್ಟೇ ಅಂದ್ರು.'

ಅಳುತ್ತಿದ್ದ. ಇಷ್ಟು ದೊಡ್ಡ ಮೈ. ಇದನ್ನು ನಿಮಗೆ ಹೇಳಿದೆ ಅಂತ ಅಪ್ಪನಿಗೂ ಹೇಳುತ್ತೇನೆ, ಮುಚ್ಚಿಡಲ್ಲ ಅಂದ. ತಲೆ ಸವರಿ ಕಳಿಸಿದೆ.

ಜನವರಿ 2

ಬರೆಯಲಾಗುತ್ತಿಲ್ಲ.

ನೋಡಿದ. ಪಕ್ಕಪಕ್ಕ ಹಿಡಿದು ನೋಡಿದ. ಎಂಟು ಇನ್ನಿಂಗ್ಸ್ ನನ್ನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದ. ಟಿಬುರ್ಸಿಯೋ ಮೊದಲ ಸಲ ಎದ್ದು ಹೋದಾಗ ಗೊತ್ತಿತ್ತು. ಎರಡನೇ ಸಲ ಗೊತ್ತಿತ್ತು. ಚೆಂಡು ತೋಪಿಗೆ ಹೋದಾಗ ಎಲ್ಲರೂ ಹಾರಿದೆವು. ಅವನೂ ಎದ್ದು ನಿಂತಿದ್ದ. ಚಪ್ಪಾಳೆ ತಟ್ಟಿದನೇ? ಎಷ್ಟು ನೆನೆದರೂ ಅವನ ಕೈ ನೆನಪಾಗುತ್ತಿಲ್ಲ.

ಜನವರಿ 3

ಈ ಹಾಳೆ ಹರಿದು ಮಿರೇಯಾ ಕೈಲಿ ಕಳಿಸುತ್ತೇನೆ. ಅಕ್ಷರ ಕೆಟ್ಟದಾಗಿದ್ದರೂ ನಿಮಗೆ ಓದಲು ಬರುತ್ತದೆ.

ಕೊಂಪಾದ್ರೆ, ನೀವು ಕಾರ್ಡು ನೋಡಿದಿರೋ ಇಲ್ಲವೋ ಅಂತ ಕೇಳುತ್ತಿಲ್ಲ. ನೋಡಿದಿರಿ. ಹದಿನಾಲ್ಕರದನ್ನೂ ಕೇಳುತ್ತಿಲ್ಲ, ಅದು ಮಗನಿಗಾಗಿ ಮಾಡಿದ್ದು. ಕೇಳುವುದು ಇಪ್ಪತ್ತೆರಡರದು. ಎಲ್ಲರೆದುರು ನಿಮ್ಮ ಪೆನ್ನು ಕಿತ್ತುಕೊಂಡೆ ಅನ್ನುವ ಸಿಟ್ಟಿಗೆ ಬಾಯಿ ಮುಚ್ಚಿದಿರೋ? ಹಾಗಿದ್ದರೆ ಅದು ನನಗೆ ಅರ್ಥವಾಗುತ್ತದೆ. ಸಿಟ್ಟು ನನಗೆ ಗೊತ್ತಿರುವ ಸಾಮಾನು. ನಾಲ್ಕು ಬೈದು, ನಾಲ್ಕು ಬೈಸಿಕೊಂಡು ಕೂರಬಹುದು. ಇಲ್ಲ, ಅಷ್ಟರಲ್ಲೇ ಪೌ ನಿಮಗೆ ಕುರ್ಚಿ ಕೊಡುತ್ತೇನೆ ಅಂದಿದ್ದರೋ? ನಾನು ಸೋಲಲಿ ಅಂತ ಕಾದಿರೋ? ಟಿಬುರ್ಸಿಯೋ, ಪೊಲಾಂಕೋ, ನಿಮ್ಮ ಮಗ, ಎಲ್ಲರನ್ನೂ ಸೇರಿಸಿ?

ಎರಡರಲ್ಲಿ ಯಾವುದು. ಫೋನು ಬೇಡ. ಹುಡುಗನ ಕೈಲಿ ಹೇಳಿಸಬೇಡಿ. ಕಡುಬು ಕಳಿಸಬೇಡಿ.

ಆರನೇ ತಾರೀಖು ಮೂರು ರಾಜರ ಹಬ್ಬ, ಅದರೊಳಗೆ ಬಂದು ಹೇಳಿ.